ಬೆಂಕಿ ಬಿದ್ದ ಬಾಣೆಯಲ್ಲಿ ಮಣ್ಣಿನ ಜೀವಿಗಳ ಲೆಕ್ಕ

ಬೇಸಿಗೆಯಲ್ಲಿ ಕಾಫಿ ಅರಳಿಸುವ ಹೂಮಳೆ ಬಿದ್ದರೆ ಸಾಕು, ಸುಟ್ಟ ಬಾಣೆಯಲ್ಲಿ, ಅಂದರೆ ಕೊಡಗಿನಲ್ಲಿ ಗದ್ದೆಗೆ ಸೇರಿದ ಮರಗಾಡಿನ ಜಮೀನಿನಲ್ಲಿ, ಹುಲ್ಲು ಚಿಗುರುತ್ತದೆ. ನೆಲ ಸುಧಾರಿಸಿತು ಅಂದುಕೊಳ್ಳುತ್ತೇವೆ. ಮಣ್ಣಿನೊಳಗಿನ ಲೆಕ್ಕವೇ ಬೇರೆ. ಕುಶಾಲನಗರದ ಕಡೆ ಮತ್ತಿ, ಹೊನ್ನೆ ಬೆಳೆದ ಖಾಸಗಿ ಬಾಣೆಯಲ್ಲಿ ನಾವು ಅದನ್ನು ನೋಡಿದ ಕ್ರಮ ಇದು. ಮೀಸಲು ಅರಣ್ಯವಾದರೆ ಇಲಾಖೆಯ ಅನುಮತಿ ಬೇಕು.

ಸುಟ್ಟ ಕಡೆ ಐದು ಜಾಗ, ಅದೇ ಇಳಿಜಾರಿನಲ್ಲಿ ಅದೇ ಮರಗಳಿರುವ ಸುಡದ ಕಡೆ ಐದು. ಒಂದು ಜಾಗಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ 10 ಮೀಟರ್ ಅಂತರ. ಸುಡದ ಅಂಚು ಎಷ್ಟು ದೂರ ಎಂಬುದನ್ನು ಬರೆದಿಡಲೇಬೇಕು. ತರಗೆಲೆಯ ಜೀವಿಗಳಲ್ಲಿ ಬಹಳಷ್ಟು ಅಲ್ಲಿಂದ ನಡೆದೇ ಬರಬೇಕು. 25 ಸೆಂ.ಮೀ. ಚೌಕದೊಳಗಿನ ತರಗು ಅಥವಾ ಬೂದಿ ಒಂದು ಬಟ್ಟೆ ಚೀಲಕ್ಕೆ, ಮೇಲಿನ 5 ಸೆಂ.ಮೀ. ಮಣ್ಣು ಇನ್ನೊಂದಕ್ಕೆ, ಅದರ ಕೆಳಗಿನ 5 ಸೆಂ.ಮೀ. ಮತ್ತೊಂದಕ್ಕೆ. ಮಣ್ಣು ಶಾಖವನ್ನು ಸುಲಭವಾಗಿ ಕೆಳಗಿಳಿಸದು. ತರಗಿನ ಬೆಂಕಿ ಬೇಗ ಹಾದುಹೋದ ಕಡೆ ಕೆಲವೇ ಸೆಂಟಿಮೀಟರ್ ಆಳದಲ್ಲಿ ಜೀವ ಉಳಿದಿರುತ್ತದೆ. ದಿಮ್ಮಿ ಗಂಟೆಗಟ್ಟಲೆ ಉರಿದು ಮಣ್ಣು ಕೆಂಪಗೆ ಬೆಂದ ಜಾಗವನ್ನು ಇದರ ಜೊತೆ ಸೇರಿಸಬೇಡಿ.

ಜೀವಿಗಳನ್ನು ಹೊರತೆಗೆಯಲು ಬರ್ಲೀಸ್ ಆಲಿಕೆ: ಬಿಸಿಗೆ ಮಣ್ಣು ಒಣಗುತ್ತಾ ಬಂದಂತೆ ಜೀವಿಗಳು ಕೆಳಗಿಳಿದು ಶೀಶೆಗೆ ಬೀಳುತ್ತವೆ. 1905ರಲ್ಲಿ ಬರ್ಲೀಸ್ ಬಿಸಿನೀರಿನಿಂದ ಮಾಡಿದ್ದನ್ನು 1918ರಲ್ಲಿ ಟುಲ್‌ಗ್ರೆನ್ ದೀಪದಿಂದ ಮಾಡಿದ. 25 ಸೆಂ.ಮೀ. ಬಾಯಿಯ ಆಲಿಕೆ, 2 ಮಿ.ಮೀ. ಜಾಲರಿ, 25 ವ್ಯಾಟ್‌ನ ಹಳೇ ಬಲ್ಬು. ಎಲ್‌ಇಡಿಯಲ್ಲಿ ಬಿಸಿ ತೀರಾ ಕಡಿಮೆ, ಅದು ನಡೆಯದು. ಮಣ್ಣಿನ ಹೆಂಟೆಯನ್ನು ತಲೆಕೆಳಗಾಗಿ ಇಡಿ, ಜೀವಿಗಳು ತಮ್ಮ ದಾರಿಯಲ್ಲೇ ಇಳಿಯುತ್ತವೆ. ಉದುರುವ ಮಣ್ಣೆಲ್ಲ ಉದುರಿದ ಮೇಲೆ ಕೆಳಗೆ 70% ಆಲ್ಕೋಹಾಲ್ ಶೀಶೆ ಕಟ್ಟಿ. ಮೊದಲ ದಿನವೇ ಬಲ್ಬನ್ನು ಹತ್ತಿರ ತಂದರೆ ಸಣ್ಣವು ಅಲ್ಲೇ ಒಣಗಿ ಸಾಯುತ್ತವೆ. ದಿನಕ್ಕಿಷ್ಟು ಇಳಿಸುತ್ತಾ ಏಳು ದಿನ ಬಿಡಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಕರೆಂಟು ಹೋದಷ್ಟು ಹೊತ್ತನ್ನು ಕೊನೆಗೆ ಸೇರಿಸಿ. ಚೀಟಿ ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.

ಓಡಾಡುವ ಜೀವಿಗಳು ಬೀಳಲೆಂದು ನೆಲಮಟ್ಟಕ್ಕೆ ಹುಗಿದ ಲೋಟಗಳನ್ನೂ ಇಟ್ಟೆವು. ಅವನ್ನಷ್ಟೇ ನಂಬಿದರೆ ಮೋಸ. ತರಗು ಇಲ್ಲದ ಬೋಳು ನೆಲದಲ್ಲಿ ಇರುವೆಗಳು ಅಡ್ಡಿಯಿಲ್ಲದೆ ಓಡುವುದರಿಂದ ಸುಟ್ಟ ಕಡೆಯೇ ಹೆಚ್ಚು ಬೀಳುತ್ತವೆ. ಲೋಟ ಹೇಳುವುದು ಓಡಾಟವನ್ನು, ಸಂಖ್ಯೆಯನ್ನಲ್ಲ.

ಬೆಂಕಿಯ ವಾರದೊಳಗೆ, ಹೂಮಳೆಯ ನಂತರ, ಮಳೆಗಾಲ ಮುಗಿದ ಮೇಲೆ, ಮರುವರ್ಷ ಅದೇ ತಿಂಗಳು: ನಾಲ್ಕು ಸಲ ಮಣ್ಣು ತೆಗೆಯಬೇಕು. ಬೇಸಿಗೆಯಲ್ಲಿ ಸುಡದ ಕಡೆಯ ಎರೆಹುಳುವೂ ಆಳಕ್ಕಿಳಿದಿರುತ್ತದೆ, ಹಾಗಾಗಿ ಅದೇ ದಿನದ ಎರಡು ಕಡೆಗಳನ್ನಷ್ಟೇ ಹೋಲಿಸಿ.

ಇರುವೆ, ಗೆದ್ದಲು ಆಳದ ಗೂಡಿನಿಂದ ಬೇಗ ಮೇಲೆ ಬಂದವು. ತೇವ ಸಿಕ್ಕೊಡನೆ ಸ್ಪ್ರಿಂಗ್‌ಟೇಲ್‌ಗಳು (ನೆಗೆಯುವ, ರೆಕ್ಕೆಯಿಲ್ಲದ ಪುಟ್ಟ ಜೀವಿಗಳು) ಹೆಚ್ಚಿದವು. ಒರಿಬ್ಯಾಟಿಡ್ ನುಸಿಗಳದ್ದು ನಿಧಾನ. 10 ಪಟ್ಟು ಹಿಗ್ಗಿಸುವ ಮಸೂರದಡಿ ಹೊಳೆಯುವ ಕಂದು ಚಿಪ್ಪಿನ ಗುಂಡಗಿನ ಚುಕ್ಕೆಯಂತೆ ಕಾಣುವ ಇವು ತಡವಾಗಿ ಬೆಳೆದು, ಕಡಿಮೆ ಮೊಟ್ಟೆ ಇಟ್ಟು, ತರಗಿನ ಪದರ ಮತ್ತೆ ಕಟ್ಟಿಕೊಳ್ಳುವವರೆಗೆ ಹಿಂದೆ ಉಳಿಯುತ್ತವೆ. ಚೋರಟೆಯದೂ (ಸಹಸ್ರಪದಿ) ಅದೇ ಪಾಡು. ನನ್ನ ಮಟ್ಟಿಗೆ ನೆಲ ಸುಧಾರಿಸಿತೇ ಎಂಬುದಕ್ಕೆ ಒಟ್ಟು ಸಂಖ್ಯೆಗಿಂತ ಈ ಎರಡೇ ಸರಿಯಾದ ಸಾಕ್ಷಿ.

ಅರೆಸುಟ್ಟ ದಿಮ್ಮಿಗಳನ್ನು ಸೌದೆಗೆ ಒಯ್ಯಬೇಡಿ. ಒಂದನ್ನು ಮಗುಚಿದಾಗ ಅಡಿಯ ತೇವದಲ್ಲಿ ಚೋರಟೆ ಮರಿಗಳು ಸುರುಳಿ ಸುತ್ತಿಕೊಂಡಿದ್ದವು. ಸುತ್ತಲಿನ ಬೂದಿಯಲ್ಲಿ ಒಂದೂ ಇರಲಿಲ್ಲ.