ವಾದ್ಯವೃಂದವೇ ಸೋಲೋ ವಾದಕರ ಹತ್ತಿರ ಹೋಗಬೇಕು: ಮಂಗಳೂರಿನಲ್ಲಿ ಪಾಪ್ಸ್ ಕಾರ್ಯಕ್ರಮ ಮಾಡಿದ ನನ್ನ ಅನುಭವ

ನಮ್ಮ ಕಡೆ ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದುವ ಪಿಟೀಲಿನವರು ಇದ್ದಾರೆ, ಟ್ರಂಪೆಟ್ ಊದುವವರೂ ಇದ್ದಾರೆ. ಹೆಚ್ಚಿನವರು ಚರ್ಚ್ ಕ್ವಾಯರ್ ಮತ್ತು ಬ್ರಾಸ್ ಬ್ಯಾಂಡಿನಲ್ಲಿ ಬೆಳೆದವರು. ದೇವಸ್ಥಾನದಲ್ಲಿ, ಮದುವೆಯಲ್ಲಿ ಸ್ಯಾಕ್ಸೋಫೋನ್ ನುಡಿಸುವವರಂತೂ ಬಂಟ್ವಾಳ, ಮೂಡುಬಿದಿರೆ, ಕಾರ್ಕಳ, ಉಡುಪಿ ಎಲ್ಲಾ ಕಡೆ ಸಿಗುತ್ತಾರೆ. ಚೆಂಡೆ, ಮದ್ದಳೆಯವರ ಬಗ್ಗೆ ಹೇಳುವುದೇ ಬೇಡ. ಇವರೆಲ್ಲ ಒಂದೇ ವೇದಿಕೆಯಲ್ಲಿ ಕೂತು, ಜನರಿಗೆ ಗೊತ್ತಿರುವ ಸಂಗೀತವನ್ನು ಪೂರ್ತಿ ವಾದ್ಯವೃಂದದ ಜೊತೆ ನುಡಿಸಬೇಕು, ಅಂದರೆ ಪಾಪ್ಸ್ ಕಾರ್ಯಕ್ರಮ ಮಾಡಬೇಕು ಅನ್ನುವುದು ನನ್ನ ಬಹಳ ವರ್ಷದ ಆಸೆ. ಪಿಟೀಲು ಕಲಿಸುವುದು, ಪಾರ್ಟ್ (ಪ್ರತಿ ವಾದ್ಯ ನುಡಿಸಬೇಕಾದ ಸಾಲು) ಬರೆಯುವುದು ನನ್ನ ಕೆಲಸ. ಕೊನೆಗೆ ಮಂಗಳೂರಿನ ಪುರಭವನದಲ್ಲಿ ಅದನ್ನು ಮಾಡಿದೆವು. ಹೇಗೆ ಮಾಡಿದೆವು ಅಂತ ತುಂಬ ಜನ ಕೇಳುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾರ್ಯಕ್ರಮದ ಆಕಾರವನ್ನು ನಾನು ಅಮೆರಿಕದ ವಾದ್ಯವೃಂದ ಬಾಸ್ಟನ್ ಪಾಪ್ಸ್‌ನಿಂದ ತೆಗೆದುಕೊಂಡೆ. ಅಲ್ಲಿ ಇದು 1885ರಲ್ಲಿ ಶುರುವಾಯಿತು. 1930ರಿಂದ 1979ರವರೆಗೆ ಅದನ್ನು ನಡೆಸಿದ ಆರ್ಥರ್ ಫೀಡ್ಲರ್ ಅವರ ಕಾಲದಲ್ಲಿ ಕಾರ್ಯಕ್ರಮಕ್ಕೆ ಮೂರು ಭಾಗ, ನಡುವೆ ಎರಡು ವಿರಾಮ. ಮೊದಲು ವೃಂದ ಮಾತ್ರ ನುಡಿಸುವ ಹಗುರವಾದ ಶಾಸ್ತ್ರೀಯ ತುಣುಕುಗಳು, ನಡುವೆ ಒಬ್ಬ ಸೋಲೋ ವಾದಕ, ಕೊನೆಗೆ ಎಲ್ಲರೂ ಗುನುಗುವ ಹಾಡುಗಳು. ಈ ಕ್ರಮ ನಮ್ಮ ಜನಕ್ಕೂ ಚೆನ್ನಾಗಿ ಒಗ್ಗುತ್ತದೆ. ಇಲ್ಲಿ ಎಲ್ಲರೂ ಸರಿಯಾದ ಸಮಯಕ್ಕೆ ಬರುವುದಿಲ್ಲ, ಬರುವಾಗ ಮೊದಲ ಭಾಗ ಅರ್ಧ ಆಗಿರುತ್ತದೆ. ಆದರೆ ಸೋಲೋ ವಾದಕ ವೇದಿಕೆಗೆ ಬರುವ ಹೊತ್ತಿಗೆ ಹಾಲ್ ತುಂಬಿರುತ್ತದೆ, ಕಿವಿಯೂ ತಯಾರಾಗಿರುತ್ತದೆ.

ನಮ್ಮ ದೇಶದಲ್ಲೂ ಇದಕ್ಕೆ ಹತ್ತಿರದ ಕೆಲಸ ಆಗಿದೆ. ಗೋವಾದ ಆಂಥನಿ ಗೊನ್ಸಾಲ್ವಿಸ್ ಮುಂಬೈಯಲ್ಲಿ 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿ, ಲತಾ ಮಂಗೇಶ್ಕರ್, ಮನ್ನಾ ಡೇ ಅವರನ್ನು ಅದರ ಜೊತೆ ಹಾಡಿಸಿದ್ದರು. ರಾಗ ಮತ್ತು ಹಾರ್ಮನಿ (ಹಲವು ಸ್ವರ ಒಟ್ಟಿಗೆ ಕೇಳುವುದು) ಎರಡನ್ನೂ ಒಟ್ಟಿಗೆ ಬರೆಯುವುದು ಅವರ ಕನಸು. ಶಂಕರ್-ಜೈಕಿಶನ್‌ಗೆ ಪಾರ್ಟ್ ಬರೆಯುತ್ತಿದ್ದ ಸೆಬಾಸ್ಟಿಯನ್ ಡಿಸೋಜಾ ಕೂಡ ಗೋವಾದವರೇ. ಆ ಕೊಂಕಣಿ ಚರ್ಚ್ ಸಂಗೀತದ ಓದು ಮಂಗಳೂರಿನಲ್ಲೂ ಇದೆ. ಬಳಸಿಕೊಳ್ಳಬೇಕು ಅಷ್ಟೇ.

ದಿನ ಗೊತ್ತುಮಾಡುವುದೇ ಮೊದಲ ದೊಡ್ಡ ಕೆಲಸ. ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ ಸ್ಯಾಕ್ಸೋಫೋನಿನವರಿಗೆ, ಚೆಂಡೆಯವರಿಗೆ ಪುರುಸೊತ್ತಿಲ್ಲ. ಜಾತ್ರೆ, ನೇಮ (ಭೂತಾರಾಧನೆ), ಯಕ್ಷಗಾನದ ಆಟ, ಮದುವೆ. ಕ್ವಾಯರಿನವರಿಗೆ ಸೆಪ್ಟೆಂಬರ್‌ನಲ್ಲಿ ಮೊಂತಿ ಫೆಸ್ತ್ (ಮಾತೆ ಮರಿಯಳ ಹುಟ್ಟುಹಬ್ಬ), ಡಿಸೆಂಬರ್ ಇಡೀ ಕ್ರಿಸ್ಮಸ್. ಎಲ್ಲರೂ ಒಟ್ಟಿಗೆ ಖಾಲಿ ಇರುವುದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಾತ್ರ, ಮದುವೆಯೂ ಇಲ್ಲ, ನೇಮವೂ ಇಲ್ಲ. ಹಾಗಾಗಿ ಮಳೆ ಸುರಿಯುವ ಹೊತ್ತಿನಲ್ಲೇ ಇಟ್ಟುಕೊಂಡೆವು. ಮಳೆಗಾಲದಲ್ಲಿ ಯಾರಾದ್ರೂ ಕಛೇರಿ ಇಡ್ತಾರಾ ಅಂತ ಕೆಲವರು ಕೇಳಿದರು. ಕಲಾವಿದರು ಸಿಗುವುದೇ ಆಗ, ಏನು ಮಾಡುವುದು?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ನಡುವಿನ ಭಾಗದ ಸೋಲೋ ವಾದಕರು ಆಲ್ಟೋ ಸ್ಯಾಕ್ಸೋಫೋನ್ ನುಡಿಸುವವರು, ದೇವಸ್ಥಾನದ ಸೇವೆಯಲ್ಲಿ ಪಳಗಿದ ಕೈ. ಈ ವಾದ್ಯವನ್ನು ಕರ್ನಾಟಕ ಸಂಗೀತದೊಳಗೆ ತಂದವರು ನಮ್ಮದೇ ಸಜೀಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್. ತಂದೆ ನಾಗಸ್ವರದವರು, ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹಿಂದೆ ಹೋದರು, ವಾದ್ಯದ ಕೀಲಿಗಳಲ್ಲೇ ಬದಲಾವಣೆ ಮಾಡಿಸಿ ಗಮಕ (ಸ್ವರವನ್ನು ಆಡಿಸುವುದು) ಹೊರಡಿಸಿದರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲೂ ನುಡಿಸಿದರು. ಇವತ್ತು ತುಳುನಾಡಿನ ಮದುವೆ ಮಂಟಪದಲ್ಲಿ ಸ್ಯಾಕ್ಸೋಫೋನ್ ಕೇಳದೆ ಮುಹೂರ್ತ ಆಗುವುದೇ ಅಪರೂಪ. ಇಷ್ಟು ಬೆಳೆದ ಒಂದು ಬಾನಿಯನ್ನು ವೃಂದದ ಮುಂದೆ ಕೂರಿಸಿ, ನಮ್ಮ ಕೀಬೋರ್ಡಿನ ಅನುಕೂಲಕ್ಕೆ ಶ್ರುತಿ ಬದಲಿಸಿ ಅಂತ ಹೇಳುವುದು ನನಗೆ ಸರಿ ಕಾಣಲಿಲ್ಲ. ವೃಂದವೇ ಅವರ ಹತ್ತಿರ ಹೋಗಬೇಕು. ಇಡೀ ಕಾರ್ಯಕ್ರಮವನ್ನು ಕಟ್ಟಿದ್ದು ಈ ಒಂದು ಮಾತಿನ ಮೇಲೆ.

ಅವರ ಕೈ ಕೂತಿರುವುದು ಕಪ್ಪು ಎರಡರಲ್ಲಿ, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯನ್ನು ಸಾ ಮಾಡಿಕೊಂಡ ಶ್ರುತಿಯಲ್ಲಿ. ಆಲ್ಟೋ ಸ್ಯಾಕ್ಸೋಫೋನಿನಲ್ಲಿ ವಾದಕ ಸಿ ಹಿಡಿದರೆ ಹೊರಗೆ ಕೇಳುವುದು ಇ ಫ್ಲ್ಯಾಟ್, ಅಂದರೆ ಕಪ್ಪು ಎರಡು. ಅವರಿಗೆ ಅದು ಸಲೀಸು. ಪಿಟೀಲಿನವರಿಗೆ ಅಲ್ಲ. ಅವರ ತಂತಿಗಳು ಜಿ, ಡಿ, ಎ, ಇ. ಇ ಫ್ಲ್ಯಾಟ್ ಮೇಜರಿನಲ್ಲಿ ಮೂರು ಫ್ಲ್ಯಾಟ್ (ಅರ್ಧ ಮನೆ ಇಳಿದ ಸ್ವರ), ಎ ಮತ್ತು ಇ ತಂತಿ ಖಾಲಿ ಬಿಟ್ಟು ನುಡಿಸುವ ಹಾಗೇ ಇಲ್ಲ. ಬಿಳಿ ಎರಡಕ್ಕೆ, ಅಂದರೆ ಡಿಗೆ, ಇಳಿಸಿದರೆ ಪಿಟೀಲಿಗೆ ಹಬ್ಬ, ಆದರೆ ಸ್ಯಾಕ್ಸೋಫೋನಿನವರು ಐದು ಶಾರ್ಪ್ (ಅರ್ಧ ಮನೆ ಏರಿದ ಸ್ವರ) ಇರುವ ಬಿ ಮೇಜರಿನಲ್ಲಿ ಬೆರಳು ಓಡಿಸಬೇಕು. ಅಲ್ಲಿ ಗಮಕ ಹೇಗೆ ಬರುತ್ತದೆ ಹೇಳಿ.

ನಾನು ರಾಗದ ಕಡೆಯಿಂದ ಹುಡುಕಿದೆ. ಹಂಸಧ್ವನಿ ಕಪ್ಪು ಎರಡರಲ್ಲಿ ಇಟ್ಟರೆ ಸ್ವರಗಳು ಇ ಫ್ಲ್ಯಾಟ್, ಎಫ್, ಜಿ, ಬಿ ಫ್ಲ್ಯಾಟ್, ಡಿ. ಅದರಲ್ಲಿ ಜಿ ಗಾಂಧಾರ, ಡಿ ನಿಷಾದ, ಎರಡಕ್ಕೂ ಪಿಟೀಲಿನಲ್ಲಿ ಖಾಲಿ ತಂತಿ ಸಿಗುತ್ತದೆ. ತೊಂದರೆ ಕೊಡುವ ಎ ಫ್ಲ್ಯಾಟ್ ರಾಗದಲ್ಲೇ ಇಲ್ಲ. ವೇಗದ ಸಾಲುಗಳು ಹುಡುಗರ ಕೈಗೆ ಬೇಗ ಬಂದವು. ಅದಕ್ಕೇ ಹಂಸಧ್ವನಿ ಆರಿಸಿದೆ. ಕೇಳುವವರಿಗೂ ಮೊದಲ ಸ್ವರದಿಂದಲೇ ಗುರುತು ಸಿಗುವ ರಾಗ, ಅಲ್ವಾ.

ಮೂರನೇ ಭಾಗದ ಸಿನಿಮಾ ಹಾಡುಗಳಲ್ಲಿ ಸ್ಯಾಕ್ಸೋಫೋನಿನವರದ್ದು ನಡುನಡುವೆ ಸಣ್ಣ ಸಣ್ಣ ತುಣುಕು, ಅಲ್ಲಿ ರಾಗದ ಬಿಗಿ ಇಲ್ಲ. ಅವನ್ನು ಸಾಧ್ಯವಾದಷ್ಟು ಬಿಳಿ ನಾಲ್ಕಕ್ಕೆ, ಅಂದರೆ ಎಫ್ ಸ್ವರಕ್ಕೆ, ತಂದೆ. ಎಫ್ ಮೇಜರಿನಲ್ಲಿ ಪಿಟೀಲಿನ ನಾಲ್ಕೂ ಖಾಲಿ ತಂತಿ ಉಪಯೋಗಕ್ಕೆ ಬರುತ್ತವೆ, ಆಲ್ಟೋಗೆ ಅದು ಡಿ ಮೇಜರ್, ಟ್ರಂಪೆಟ್‌ಗೆ ಜಿ ಮೇಜರ್. ಎಲ್ಲರಿಗೂ ಸುಲಭ. ಹಾಡುವ ಹೆಣ್ಣುಮಕ್ಕಳ ಗಂಟಲಿಗೂ ಹೆಚ್ಚಾಗಿ ಹೊಂದುತ್ತದೆ. ನಿಮ್ಮ ಊರಿನಲ್ಲಿ ಇಂಥ ಮಿಶ್ರ ವೃಂದ ಕಟ್ಟುವುದಾದರೆ ಮೊದಲು ಬಿಳಿ ನಾಲ್ಕನ್ನೇ ಪ್ರಯತ್ನಿಸಿ.

ಬರವಣಿಗೆ ಎರಡು ಬಗೆಯಲ್ಲಿ ಮಾಡಬೇಕಾಯಿತು. ಕ್ವಾಯರಿನವರಿಗೆ ಸ್ಟಾಫ್ ನೊಟೇಶನ್. ಸ್ಯಾಕ್ಸೋಫೋನಿನವರಿಗೆ ಕನ್ನಡದಲ್ಲಿ ಸರಿಗಮ, ಆವರ್ತ (ತಾಳದ ಒಂದು ಸುತ್ತು) ಗುರುತು ಹಾಕಿ. ಅದನ್ನು ಕೊಟ್ಟಾಗ ಅವರು ನೋಡಿ ಮಡಚಿಟ್ಟರು. "ಇದು ಇರ್ಲಿ ಮಾಷ್ಟ್ರೇ, ನೀವೊಮ್ಮೆ ಹಾಡಿ ತೋರಿಸಿ, ನಾನು ಹಿಡ್ಕೊಳ್ತೇನೆ" ಅಂದರು. ಹಾಡಿದೆ, ಹಿಡಿದುಕೊಂಡರು. ಮತ್ತೆ ಆ ಹಾಳೆ ಬೇಕಾಗಿದ್ದು ನನಗೆ ಮಾತ್ರ, ಅವರು ಎಲ್ಲಿದ್ದಾರೆ ಅಂತ ನೋಡಲಿಕ್ಕೆ.

ಯಾಕೆಂದರೆ ಅವರು ಪ್ರತಿ ಸಲ ಬೇರೆ ಬೇರೆ ನುಡಿಸುತ್ತಾರೆ. ಅದು ಮನೋಧರ್ಮ, ಆ ಹೊತ್ತಿಗೆ ಹುಟ್ಟುವ ಕಲ್ಪನೆ, ಅದನ್ನು ಬಾರ್ (ಬರೆದ ಸಂಗೀತದ ಒಂದು ಅಳತೆ) ಲೆಕ್ಕದಲ್ಲಿ ಕಟ್ಟಿಹಾಕಬಾರದು. ಆದರೆ ಪಿಟೀಲಿನವರು ಬಾರ್ ಎಣಿಸುವವರು. ಹನ್ನೆರಡು ಬಾರ್ ಸುಮ್ಮನಿರಿ ಅಂದರೆ ಹದಿಮೂರನೆಯದಕ್ಕೆ ಬಿಲ್ಲು ಎತ್ತಿಯೇ ಬಿಡುತ್ತಾರೆ. ಇದಕ್ಕೆ ಮಾಡಿದ್ದು ಇಷ್ಟು: ಆದಿತಾಳದ ಒಂದು ಆವರ್ತವನ್ನು ನಾಲ್ಕು ನಾಲ್ಕರ ಎರಡು ಬಾರ್ ಮಾಡಿ, ಒಂದು ಮೆತ್ತಗಿನ ತುಣುಕು ಬರೆದು, ನಾನು ಕೈ ತೋರಿಸುವವರೆಗೆ ಅದನ್ನೇ ತಿರುಗಿಸಿ ಅಂದೆ. ಕೊನೆಗೆ ಅವರು ಮುಕ್ತಾಯ ನುಡಿಸುತ್ತಾರೆ, ಒಂದೇ ಮಾತು ಮೂರು ಸಲ ಬರುತ್ತದೆ, ಮೂರನೆಯದು ಮುಗಿದು ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಿದ್ದಾಗ ಇಡೀ ವೃಂದ ಒಳಗೆ ಬರಬೇಕು. ಎಣಿಸುವುದನ್ನು ಬಿಟ್ಟು ಆ ಮಾತನ್ನು ಬಾಯಲ್ಲಿ ಹೇಳಿ ಕಲಿಯಿರಿ ಅಂತ ಪಿಟೀಲಿನ ಮಕ್ಕಳಿಗೆ ಹೇಳಿದೆ. ರಿಹರ್ಸಲ್ ಹಾಲಿನ ಶೀಟ್ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು. ಎಷ್ಟೋ ಹೊತ್ತು ಸ್ಯಾಕ್ಸೋಫೋನ್ ಬಿಟ್ಟು ಬೇರೆ ಏನೂ ಕೇಳುತ್ತಿರಲಿಲ್ಲ. ಆದರೂ ಮಕ್ಕಳು ಬಾಯಲ್ಲಿ ಕೊನ್ನಕೋಲು (ಲಯದ ಸೊಲ್ಲು) ಹೇಳಿಕೊಂಡೇ ಸಮ ಹಿಡಿಯತೊಡಗಿದರು. ಚರ್ಚ್ ಸಂಗೀತದಲ್ಲಿ ಬೆಳೆದ ಹುಡುಗಿಯೊಬ್ಬಳು ಮುಕ್ತಾಯವನ್ನು ತಪ್ಪದೆ ಹೇಳಿ ಬಿಲ್ಲು ಇಳಿಸಿದ್ದನ್ನು ನೋಡಿ ಸ್ಯಾಕ್ಸೋಫೋನಿನವರು ಎದ್ದು ಬಂದು ಅವಳ ಬೆನ್ನು ತಟ್ಟಿದರು. ನನಗೆ ಅಷ್ಟು ಸಂತೋಷ ಆದದ್ದು ಕಡಿಮೆ.

ಹಾರ್ಮನಿ ವಿಷಯದಲ್ಲಿ ಒಂದು ಮಾತು, ಪಾರ್ಟ್ ಬರೆಯುವವರಿಗೆ. ಸೋಲೋ ವಾದಕರು ಹಂಸಧ್ವನಿಯ ನಿಷಾದವನ್ನು ಷಡ್ಜದ ಕಡೆಗೆ ಎಳೆದು ಆಡಿಸುತ್ತಾರೆ. ಅದೇ ಹೊತ್ತಿಗೆ ಹಿಂದಿನಿಂದ ಎಂಟು ಪಿಟೀಲು ಅಲುಗದ ನಿಷಾದ ಹಿಡಿದರೆ ಕಿವಿಗೆ ಕಿರಿಕಿರಿ. ತಪ್ಪು ಯಾರದ್ದೂ ಅಲ್ಲ, ಎರಡು ಪದ್ಧತಿ ಡಿಕ್ಕಿ ಹೊಡೆಯುವುದು ಹಾಗೆ. ಅವರು ಯಾವ ಸ್ವರ ಆಡಿಸುತ್ತಾರೋ ಆ ಸ್ವರವನ್ನು ಆ ಹೊತ್ತಿನ ಕಾರ್ಡಿನಿಂದ (ಒಟ್ಟಿಗೆ ನುಡಿಸುವ ಸ್ವರಗುಚ್ಛದಿಂದ) ತೆಗೆದುಬಿಟ್ಟೆ. ಬಹಳ ಕಡೆ ಉಳಿದದ್ದು ಸಾ ಮತ್ತು ಪಾ ಮಾತ್ರ, ಸೆಲ್ಲೋ ಮತ್ತು ಕೆಳಗಿನ ಪಿಟೀಲುಗಳಲ್ಲಿ. ಪೂರ್ತಿ ಕಾರ್ಡ್ ಕೊಟ್ಟದ್ದು ಅವರು ಒಂದು ಸ್ವರದಲ್ಲಿ ನಿಂತಾಗ ಮತ್ತು ಕೊನೆಯಲ್ಲಿ ಎಲ್ಲರೂ ಸೇರಿದಾಗ. ವೃಂದದಲ್ಲಿ ಇಷ್ಟು ಜನ ಇದ್ದು ಸುಮ್ನೆ ಕೂತಿದ್ದಾರಲ್ಲ ಅಂತ ಪ್ರಾಯೋಜಕರೊಬ್ಬರು ಬೇಸರ ಮಾಡಿಕೊಂಡರು. ಆ ಮೌನಕ್ಕೆ ನಾನು ಬೇರೆ ಎಲ್ಲದಕ್ಕಿಂತ ಜಾಸ್ತಿ ಹೊತ್ತು ಕೊಟ್ಟಿದ್ದೇನೆ, ಅದನ್ನು ಬಿಟ್ಟುಕೊಡಲಿಲ್ಲ.

ಕರ್ನಾಟಕ ಪದ್ಧತಿಯಲ್ಲಿ ಕಲಿತ ಪಿಟೀಲಿನ ವಿದ್ಯಾರ್ಥಿನಿಯೊಬ್ಬಳು ವೃಂದಕ್ಕೆ ಸೇರಬೇಕು ಅಂತ ಬಂದಿದ್ದಳು. ಅವಳ ತಂತಿಗಳು ಸಾ ಪಾ ಸಾ ಪಾ ಶ್ರುತಿಯಲ್ಲಿ, ನೆಲದ ಮೇಲೆ ಕೂತು ನುಡಿಸುವ ಅಭ್ಯಾಸ. ಕುರ್ಚಿಯಲ್ಲಿ ಕೂರಿಸಿ ಶ್ರುತಿ ಬದಲಿಸಿದರೆ ವರ್ಷಗಳ ಕಲಿಕೆ ಉಪಯೋಗಕ್ಕೆ ಬರುವುದಿಲ್ಲ. ಅವಳನ್ನು ಸಣ್ಣ ವೇದಿಕೆ ಹಾಕಿ ಮುಂದೆ ಕೂರಿಸಿದೆವು, ಸ್ಯಾಕ್ಸೋಫೋನಿನವರ ಜೊತೆ ಸವಾಲ್-ಜವಾಬ್. ಎರಡನೇ ಸೋಲೋ ವಾದಕಿ ಸಿಕ್ಕಿದ್ದು ಹಾಗೆ.

ಚೆಂಡೆ, ಮದ್ದಳೆಯವರು ಬಂದದ್ದು ಮೂರನೇ ಭಾಗಕ್ಕೆ. "ನಮಗೆ ಕೈ ತೋರಿಸುವುದೆಲ್ಲ ಬೇಡ ಮಾರಾಯ್ರೆ, ಪದ ಸರಿ ಕೇಳಿದ್ರೆ ಸಾಕು" ಅಂದರು. ಅವರ ಹತ್ತಿರ ಹಾಡುವವರ ಧ್ವನಿ ಬರುವ ಮಾನಿಟರ್ ಇಟ್ಟೆವು. ಚೆಂಡೆಗೆ ಮೈಕೇ ಇಡಲಿಲ್ಲ, ವೇದಿಕೆಯ ಹಿಂಭಾಗದ ಮೂಲೆಯಲ್ಲಿ ನಿಲ್ಲಿಸಿದೆವು. ಪಿಟೀಲಿನ ಮೈಕುಗಳಿಗೆ ಚೆಂಡೆ ಸೋರಿದರೆ ಸೌಂಡಿನವರು ಏನೂ ಮಾಡಲಿಕ್ಕೆ ಆಗುವುದಿಲ್ಲ. ಪಿಟೀಲು ಇರುವಲ್ಲಿ ಚೆಂಡೆ ಇಲ್ಲ, ಚೆಂಡೆ ಬಂದಾಗ ಪಿಟೀಲಿನ ಬದಲು ಟ್ರಂಪೆಟ್, ಟ್ರಾಂಬೋನ್. ಅವು ಚೆಂಡೆಯ ಎದುರು ನಿಲ್ಲುತ್ತವೆ.

ಮಳೆಗಾಲ ವಾದ್ಯಗಳಿಗೆ ಒಳ್ಳೆಯದಲ್ಲ. ತಬಲಾ, ಮದ್ದಳೆಯ ಚರ್ಮ ತೇವಕ್ಕೆ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಏಸಿ ಹಾಲಿಗೆ ತಂದ ಮೇಲೆ ಒಣಗಿ ಏರುತ್ತದೆ. ತಣ್ಣಗಾದರೆ ಪಿಟೀಲಿನ ಸ್ಟೀಲ್ ತಂತಿ ಬಿಗಿಯಾಗಿ ಶ್ರುತಿ ಮೇಲೆ ಹೋಗುತ್ತದೆ, ಸ್ಯಾಕ್ಸೋಫೋನ್, ಟ್ರಂಪೆಟ್ ಕೆಳಗೆ ಹೋಗುತ್ತವೆ. ಎರಡೂ ಎದುರು ಬದುರು. ಅದಕ್ಕೆ ವಾದ್ಯಗಳನ್ನೆಲ್ಲ ಮಧ್ಯಾಹ್ನವೇ ಹಾಲಿಗೆ ತಂದು ಪೆಟ್ಟಿಗೆ ತೆರೆದಿಟ್ಟೆವು, ಜನ ಬರುವ ಮೊದಲೇ ಏಸಿ ಹಾಕಿಸಿದೆವು. ಸ್ಯಾಕ್ಸೋಫೋನಿನವರು ವೇದಿಕೆಗೆ ಬರುವ ತನಕ ಸೈಡ್ ರೂಮಿನಲ್ಲಿ ಊದುತ್ತಲೇ ಇದ್ದರು, ವಾದ್ಯ ಬಿಸಿ ಇರಲಿ ಅಂತ.

ಹಾಡುಗಳ ಹಕ್ಕಿನ ಲೈಸೆನ್ಸ್, ರಾತ್ರಿ 10 ಗಂಟೆಯ ಧ್ವನಿವರ್ಧಕ ನಿಯಮ, ಇವೆಲ್ಲ ಎಲ್ಲರಿಗೂ ಇರುವುದೇ, ಮೊದಲೇ ನೋಡಿಕೊಳ್ಳಿ.

ಇನ್ನೊಂದು ವಿಷಯ ನನಗೆ ತುಂಬ ಮುಖ್ಯ. ಇಂಥ ಕಾರ್ಯಕ್ರಮಗಳಲ್ಲಿ ನಿರೂಪಕರು ಹಾಡುವವರ ಹೆಸರು ಹತ್ತು ಸಲ ಹೇಳುತ್ತಾರೆ, ನುಡಿಸುವವರದ್ದು ಕೊನೆಗೆ ಒಂದೇ ಉಸಿರಿನಲ್ಲಿ. ಹಿಂದೆ ನಾನು ನುಡಿಸಿದ ಒಂದು ಕಡೆ ಅದೂ ಇರಲಿಲ್ಲ, ಸಂಭಾವನೆಯೂ ಹಾಡುವವರಿಗೆ ಕವರಿನಲ್ಲಿ, ನಮಗೆ ಮುಂದಿನ ವಾರ. ನಾವು ಪ್ರತಿಯೊಬ್ಬ ವಾದಕರ ಹೆಸರನ್ನೂ ವಾದ್ಯದ ಸಮೇತ ಕರಪತ್ರದಲ್ಲಿ ಅಚ್ಚು ಹಾಕಿಸಿದೆವು. ಸೋಲೋ ಇದ್ದವರನ್ನು ಅವರ ತುಣುಕಿನ ಮೊದಲು ಕರೆದು ಪರಿಚಯ ಮಾಡಿದೆವು, ನುಡಿಸಿ ಹೋದ ಮೇಲೆ ಅಲ್ಲ. ಜನ ಯಾರನ್ನು ಕೇಳುತ್ತಿದ್ದೇವೆ ಅಂತ ತಿಳಿದು ಕೇಳಿದರೆ ಚಪ್ಪಾಳೆ ಸರಿಯಾದ ಜಾಗದಲ್ಲಿ ಬೀಳುತ್ತದೆ. ಹಂಸಧ್ವನಿಯ ಸವಾಲ್-ಜವಾಬ್ ನಡುವೆಯೇ ಬಿದ್ದಿತು.

ಮುಂದಿನ ಆಟಿಗೆ ತೆಂಕುತಿಟ್ಟು ಯಕ್ಷಗಾನದಲ್ಲಿ ಹಾಡುವ ಭಾಗವತರೊಬ್ಬರನ್ನು ಕೇಳಿದ್ದೇವೆ, ಒಪ್ಪಿದ್ದಾರೆ. ಅವರದ್ದು ಕಪ್ಪು ಮೂರು, ಅಂದರೆ ಎಫ್ ಶಾರ್ಪ್. ಪಿಟೀಲಿಗೆ ಅದಕ್ಕಿಂತ ಕಷ್ಟದ ಜಾಗ ಕಡಿಮೆ, ಆರು ಶಾರ್ಪ್. ಭಾಗವತರಿಗೆ ಅರ್ಧ ಮನೆ ಮೇಲೆ ಹಾಡಿ ಅಂತ ನಾನು ಹೇಳುವುದಿಲ್ಲ. ನಡುವಿನ ಭಾಗ ಪೂರ್ತಿ ಅವರಿಗೇ ಬಿಟ್ಟು, ಮೊದಲ ವಿರಾಮದಲ್ಲಿ ಪಿಟೀಲು, ಸೆಲ್ಲೋ ಎಲ್ಲದರ ತಂತಿಯನ್ನು ಅರ್ಧ ಮನೆ ಇಳಿಸುತ್ತೇವೆ, ಬೆರಳು ಜಿ ಮೇಜರಿನಲ್ಲಿ ಓಡಿದರೂ ಕೇಳುವುದು ಕಪ್ಪು ಮೂರು. ಎರಡನೇ ವಿರಾಮದಲ್ಲಿ ಮತ್ತೆ ಏರಿಸುತ್ತೇವೆ. ತಂತಿ ಹಾಗೆ ಇಳಿಸಿದಾಗ ಕೂತುಕೊಳ್ಳಲು ಎಷ್ಟು ಹೊತ್ತು ಬೇಕು ಅಂತ ಈಗಲೇ ನೋಡುತ್ತಿದ್ದೇವೆ. ಟ್ರಂಪೆಟಿನ ಪಾರ್ಟ್ ಎ ಫ್ಲ್ಯಾಟಿನಲ್ಲಿ ಬರೆಯಲು ಶುರುಮಾಡಿದ್ದೇನೆ.