ಮೊದಲು ಬರೆದಿಡಿ, ಆಮೇಲೆ ಬಿಡಿ

ಮೈ ತುರಿಸಿತು, ಹೊಟ್ಟೆ ಉಬ್ಬಿತು ಅಂದ ಕೂಡಲೇ ಊಟದ ಅಲರ್ಜಿಯೇ ಇರಬೇಕು ಅಂತ ಹಾಲು, ಗೋಧಿ, ಮೊಟ್ಟೆ ಎಲ್ಲವನ್ನೂ ಒಟ್ಟಿಗೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ಆರಾಮಾದರೂ ಯಾವುದನ್ನು ಬಿಟ್ಟಿದ್ದಕ್ಕೆ ಆಯಿತು ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ಮೊದಲು ಒಂದು ನೋಟ್‌ಬುಕ್ ಇಡಿ. ಎರಡು ವಾರ ಏನು ತಿಂದಿರಿ, ಯಾವ ಹೊತ್ತಿಗೆ ತಿಂದಿರಿ, ತೊಂದರೆ ಯಾವಾಗ ಶುರುವಾಯಿತು ಅಂತ ಬರೆಯಿರಿ. ಹೊಸ ಮಾತ್ರೆ ನುಂಗಿದ್ದು, ಧೂಳು ಕೊಡವಿದ್ದು ಕೂಡ ಅದರಲ್ಲಿರಲಿ. ಎಷ್ಟೋ ಸಲ ಸುಮ್ನೆ ಊಟವನ್ನು ದೂರುತ್ತೇವೆ.

ಅನುಮಾನ ಬಂದ ಒಂದೇ ಪದಾರ್ಥವನ್ನು ಎರಡರಿಂದ ನಾಲ್ಕು ವಾರ ಪೂರ್ತಿ ಬಿಡಿ. ಪ್ಯಾಕೆಟ್ ಹಿಂದೆ ಬರೆದಿರುವುದನ್ನೂ ಓದಿ. ವೇ (whey), ಕೇಸಿನ್ (casein) ಅಂತ ಇದ್ದರೆ ಅದು ಹಾಲಿನದೇ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ತಿಂದು ಮೂರು ದಿನ ಗಮನಿಸಿ. ಈ ಕೆಲಸವನ್ನೇ ಜನ ಮರೆಯುತ್ತಾರೆ. ಹಾಗಾಗಿ ಬೇಡದ ಪಥ್ಯ ವರ್ಷಗಟ್ಟಲೆ ನಡೆಯುತ್ತದೆ, ದೇಹಕ್ಕೆ ಬೇಕಾದದ್ದು ಸಿಗುವುದಿಲ್ಲ.

ಆದರೆ ಇದೆಲ್ಲ ನಿಧಾನವಾಗಿ ಬರುವ ಸಣ್ಣಪುಟ್ಟ ತೊಂದರೆಗೆ ಮಾತ್ರ. ತಿಂದ ಸ್ವಲ್ಪ ಹೊತ್ತಿಗೆ ಮೈತುಂಬ ದದ್ದು ಎದ್ದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಆ ಪದಾರ್ಥವನ್ನು ಮನೆಯಲ್ಲಿ ಚೂರೂ ಪರೀಕ್ಷೆ ಮಾಡಬೇಡಿ. ಮುಂದಿನ ಸಲ ಇನ್ನೂ ಜಾಸ್ತಿಯಾಗಬಹುದು.

ಹಾಲಿನ ವಿಷಯದಲ್ಲಿ ಗೊಂದಲ ಹೆಚ್ಚು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬುವುದು ಒಂದು. ಅಂಥವರಲ್ಲಿ ಹಲವರಿಗೆ ಊಟದ ಜೊತೆ ಸ್ವಲ್ಪ ಹಾಲು, ಮೊಸರು ಒಗ್ಗುತ್ತದೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವುದು ಬೇರೆ. ಅವರಿಗೆ ಮೊಸರೂ ಆಗದು, ಲ್ಯಾಕ್ಟೋಸ್ ತೆಗೆದ ಹಾಲೂ ಆಗದು.

ಗೋಧಿಯ ಮೇಲೆ ಅನುಮಾನವಿದ್ದರೆ ಬಿಡುವ ಮೊದಲೇ ಡಾಕ್ಟರ ಹತ್ತಿರ ಹೋಗಿ. ಗೋಧಿಯ ಪ್ರೋಟೀನಿನಿಂದ ಕರುಳಿಗೆ ಪೆಟ್ಟಾಗುವ ಸೀಲಿಯಾಕ್ ಕಾಯಿಲೆಯ ರಕ್ತ ಪರೀಕ್ಷೆ ಸರಿಯಾಗಿ ಬರಬೇಕಾದರೆ ಗೋಧಿ ತಿನ್ನುತ್ತಿರಬೇಕು. ಪರಾಗದ ಅಲರ್ಜಿ ಇರುವ ಕೆಲವರಿಗೆ ಹಸಿ ಸೇಬು ತಿಂದರೆ ಬಾಯಿ ತುರಿಸುತ್ತದೆ. ಬೇಯಿಸಿದ್ದು ಎಷ್ಟೋ ಜನರಿಗೆ ಏನೂ ಮಾಡುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ನಾನು ತುಂಬ ಕಟ್ಟುನಿಟ್ಟು. ಬೆಳೆಯುವ ಮಗುವಿಗೆ ಹಾಲು, ಮೊಟ್ಟೆಯನ್ನು ನೀವೇ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ ಅದರ ಕ್ಯಾಲ್ಸಿಯಂ, ಪ್ರೋಟೀನ್ ಬೇರೆ ಯಾವುದರಿಂದ ಕೊಡಬೇಕು ಅಂತ ಡಾಕ್ಟರನ್ನು ಕೇಳಿ. ಎಳೆ ಮಕ್ಕಳಿಗೆ ಕಡಲೆಕಾಯಿ ತಡವಾಗಿ ಕೊಟ್ಟರೆ ಒಳ್ಳೆಯದು ಅಂತ ಹಿಂದೆ ಹೇಳುತ್ತಿದ್ದರು. 2015ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ಇದನ್ನು ತಲೆಕೆಳಗು ಮಾಡಿತು. ಅಪಾಯ ಹೆಚ್ಚಿದ್ದ ಮಕ್ಕಳಿಗೆ ಮೊದಲ ವರ್ಷದೊಳಗೇ ಕೊಡಲು ಶುರು ಮಾಡಿದಾಗ ಅಲರ್ಜಿ ಬಹಳ ಕಡಿಮೆಯಾಯಿತು. ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ನುಣ್ಣಗೆ ಅರೆದು ತೆಳ್ಳಗೆ ಮಾಡಿಯೇ ಕೊಡಬೇಕು. ಮಗುವಿಗೆ ಜೋರು ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ) ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ಮೊದಲ ತುತ್ತಿಗೂ ಮುಂಚೆ ಮಕ್ಕಳ ಡಾಕ್ಟರಿಗೆ ತೋರಿಸಿ.