ಗಿಂಪ್‌ನಲ್ಲಿ ಕಸೂತಿ: ಅಂಚು ಕೂಡಿದ ಗುರುತು ಕಾಣದಂತೆ ಪ್ಯಾಟರ್ನ್ ಮಾಡಿದ್ದು

ಧಾರವಾಡದ ಕಸೂತಿ ಕಂಪ್ಯೂಟರಿಗೆ ಹೇಳಿ ಮಾಡಿಸಿದ ಕಲೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ ಎಳೆ ಎಣಿಸುತ್ತಲೇ ಹಾಕುವುದು ಅದರ ಪದ್ಧತಿ; ನಾನು ಎಳೆಯ ಬದಲು ಪಿಕ್ಸೆಲ್, ಅಂದರೆ ಚಿತ್ರದ ಪುಟ್ಟ ಚೌಕಗಳನ್ನು, ಎಣಿಸುತ್ತೇನೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ನೇಗಿ ಮತ್ತು ಮೆಂತೆ ಚೌಕಗಳಲ್ಲಿ ಚೆನ್ನಾಗಿ ಕೂರುತ್ತವೆ. ಗವಂತಿಯ ತೆಳು ಗೆರೆಗೆ ತುಸು ತಾಳ್ಮೆ ಬೇಕು.

ಉಡುಗೊರೆ ಸುತ್ತುವ ಕಾಗದಕ್ಕೆಂದು ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ 64×64 ಪಿಕ್ಸೆಲ್‌ನ ಪುಟ್ಟ ಚಿತ್ರ ತೆರೆದು, ಚಂದ್ರಕಾಳಿ ಸೀರೆಯ ಹಾಗೆ ಕಪ್ಪು ನೆಲದ ಮೇಲೆ ಕೆಂಪು, ಬಿಳಿಯಲ್ಲಿ ಬಿಡಿಸಿದೆ. ಕಾಗದದ ತುಂಬ ಮತ್ತೆ ಮತ್ತೆ ಜೋಡಿಸುವ ಈ ತುಂಡೇ ಟೈಲ್. ಬ್ರಷ್ ಬೇಡ, ಪೆನ್ಸಿಲ್ ಟೂಲ್ ಬಳಸಿ. ಬ್ರಷ್ ಅಂಚನ್ನು ಮಸುಕು ಮಾಡುತ್ತದೆ. ಮುಗಿದ ಮೇಲೆ ಇಂಟರ್‌ಪೊಲೇಶನ್ 'ನನ್' (None) ಇಟ್ಟು, ಅಂದರೆ ನಡುವೆ ಬಣ್ಣ ಬೆರೆಸದಂತೆ, ಹತ್ತು ಪಟ್ಟು ಹಿಗ್ಗಿಸಿದರೆ 640 ಪಿಕ್ಸೆಲ್. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಮುದ್ರಿಸಿದಾಗ ಸುಮಾರು 5.4 ಸೆಂ.ಮೀ. ಆಗುತ್ತದೆ. ಚೌಕಗಳ ಅಂಚು ಹಾಗೇ ಚೂಪಾಗಿ ಉಳಿಯುತ್ತದೆ.

ಹಿಗ್ಗಿಸುವ ಮೊದಲೇ ಮಾಡಬೇಕಾದ ಕೆಲಸ ಚಿತ್ರವನ್ನು ಸರಿಸುವ ಆಫ್‌ಸೆಟ್. ಲೇಯರ್ ಮೆನುವಿನ ಟ್ರಾನ್ಸ್‌ಫಾರ್ಮ್‌ನಲ್ಲಿದೆ. ಶಿಫ್ಟ್, ಕಂಟ್ರೋಲ್, ಓ ಒತ್ತಿದರೂ ಬರುತ್ತದೆ. ಅಗಲ, ಎತ್ತರ ಎರಡರಲ್ಲೂ ಅರ್ಧ ಸರಿಸಿ, ರ್‍ಯಾಪ್ ಅರೌಂಡ್ (ಒಂದು ಅಂಚಿನಿಂದ ಹೊರಹೋದದ್ದು ಎದುರಂಚಿನಿಂದ ಒಳಬರುವುದು) ಆರಿಸಿದರೆ ನಾಲ್ಕು ಅಂಚುಗಳೂ ನಡುವಿಗೆ ಬಂದು ಕೂಡಿಕೊಳ್ಳುತ್ತವೆ. ಎಲ್ಲಿ ಗೆರೆ ತುಂಡಾಗಿದೆ, ಎಲ್ಲಿ ಖಾಲಿ ಬಿದ್ದಿದೆ ಎಂಬುದು ಆಗ ಕಣ್ಣಿಗೆ ಹೊಡೆಯುತ್ತದೆ. ಅಲ್ಲೇ ತಿದ್ದಿದರಾಯಿತು. ಕೃತಾ ಎಂಬ ಇನ್ನೊಂದು ಚಿತ್ರ ಬಿಡಿಸುವ ತಂತ್ರಾಂಶ ಬಳಸುವವರಿಗೆ ಇಷ್ಟೂ ಬೇಡ: ಡಬ್ಲ್ಯೂ ಒತ್ತಿದರೆ ಚಿತ್ರ ಎಲ್ಲ ಕಡೆಗೂ ಮರುಕಳಿಸುತ್ತಾ ಕಾಣುತ್ತದೆ, ಹಾಗೇ ಬಿಡಿಸಬಹುದು. ಗಿಂಪ್‌ನ 'ಟೈಲ್ ಸೀಮ್‌ಲೆಸ್' ಫಿಲ್ಟರ್ ಮರಳು, ಗೋಡೆಯ ಗಾರೆಯಂಥ ಫೋಟೋಗಳಿಗೆ ಸರಿ. ಕಸೂತಿಗೆ ಹಾಕಿದರೆ ಗೆರೆಗಳ ನೆರಳು ಒಂದರ ಮೇಲೊಂದು ಬಿದ್ದು ಎಲ್ಲ ಕಲಸಿಹೋಗುತ್ತದೆ.

ನಿಜ ಹೇಳಬೇಕೆಂದರೆ ಅಂಚು ಕೂಡಿಸುವುದು ದೊಡ್ಡ ವಿದ್ಯೆಯಲ್ಲ. ಅಂಚು ಕೂಡಿದ ಮೇಲೂ ಕಣ್ಣು ಸಾಲು ಹುಡುಕುತ್ತದೆ. ಒಂದೇ ಒಂದು ದಪ್ಪ ಬುಟ್ಟಾ ಇದ್ದರೂ ಸಾಕು, ದೂರದಿಂದ ನೋಡಿದಾಗ ಅಡ್ಡಡ್ಡ ಪಟ್ಟೆಗಳೇ ಕಾಣುತ್ತವೆ. ಅದಕ್ಕೆ ನಾನು ಮಾಡುವುದು ಅರ್ಧ ಇಳಿಸುವ ಜೋಡಣೆ. ಕ್ಯಾನ್ವಾಸ್ ಅಗಲವನ್ನು 128 ಮಾಡಿ, ಎಡಕ್ಕೆ ಮೂಲ ಚಿತ್ರ, ಬಲಕ್ಕೆ ಅದರ ಪ್ರತಿ. ಆ ಪ್ರತಿಯನ್ನು ಮಾತ್ರ ಕೆಳಕ್ಕೆ 32 ಪಿಕ್ಸೆಲ್ ಆಫ್‌ಸೆಟ್ ಮಾಡಬೇಕು. ಈ ಜೋಡಿಯೇ ಹೊಸ ಟೈಲ್. ಸಾಲು ಓರೆಯಾಗಿ ಹರಡುವುದರಿಂದ ಪಟ್ಟೆ ಕರಗುತ್ತದೆ.

ಹಿಗ್ಗಿಸಿದ ಟೈಲನ್ನು ಪೂರ್ತಿ ಆಯ್ದು ಕಾಪಿ ಮಾಡಿದರೆ ಪ್ಯಾಟರ್ನ್ ಪಟ್ಟಿಯ ಮೊದಲಲ್ಲೇ ಬಂದು ಕೂರುತ್ತದೆ. ದೊಡ್ಡ ಹಾಳೆ ತೆರೆದು ಅದನ್ನು ತುಂಬಿಸಿ, ಜೂಮನ್ನು 25 ಪರ್ಸೆಂಟ್‌ಗೆ ಇಳಿಸಿ, ಕಣ್ಣು ಕಿರಿದು ಮಾಡಿಕೊಂಡು ನೋಡಿ. ಶಾಶ್ವತವಾಗಿ ಬೇಕಿದ್ದರೆ 'ಪೇಸ್ಟ್ ಆ್ಯಸ್'ನಲ್ಲಿ 'ನ್ಯೂ ಪ್ಯಾಟರ್ನ್' ಇದೆ. ಟೈಲನ್ನು ಪಿಎನ್‌ಜಿಯಲ್ಲೇ ಉಳಿಸಿ; ಜೆಪೆಗ್ ಗೆರೆಗಳ ಸುತ್ತ ಕೊಳೆ ಬಿಡುತ್ತದೆ.

ಗೋಪುರ, ತೇರು, ತುಳಸಿಕಟ್ಟೆ ಕಸೂತಿಯ ಅಂದವೇ ಹೌದು, ಆದರೆ ಅವಕ್ಕೆ ಮೇಲು ಕೆಳಗು ಉಂಟು. ಡಬ್ಬಿಗೆ ಕಾಗದ ಸುತ್ತಿದಾಗ ಒಂದು ಮಗ್ಗುಲಲ್ಲಿ ಗೋಪುರ ತಲೆಕೆಳಗಾಗುತ್ತದೆ. ಸುತ್ತುವ ಕಾಗದಕ್ಕೆ ನಕ್ಷತ್ರ, ಹೂವು ಇಟ್ಟುಕೊಂಡು, ಗೋಪುರವನ್ನು ಲಗ್ನಪತ್ರಿಕೆಯ ಅಂಚಿಗೆ ಉಳಿಸಿಕೊಂಡೆ. ಆದರೆ ಅಂಚಿನ ಮೂಲೆಯನ್ನು ಪ್ಯಾಟರ್ನ್ ತಾನಾಗಿ ತಿರುಗಿಸುವುದಿಲ್ಲ. ಮೂಲೆಯ ತುಂಡನ್ನು ಬೇರೆಯೇ ಬಿಡಿಸಿ, ನಡುವಿನ ಉದ್ದ ಟೈಲಿನ ಪೂರ್ಣ ಗುಣಕವಾಗುವಂತೆ ಪತ್ರಿಕೆಯ ಅಳತೆಯನ್ನೇ ಹೊಂದಿಸಿಕೊಳ್ಳಬೇಕು.